ಅಳಿಯನ ಗಾಡಿಗೆ ಹತ್ತಿದ ಡಾಂಬರು

ಅಳಿಯ ಅಲ್ಲಾಬಕ್ಷ ಹುಬ್ಬಳ್ಳಿಗೆ ಹೊರಟ ದಿನ ತನ್ನ ಹೊಸ ಮೋಟಾರ್ ಸೈಕಲ್ಲನ್ನು ಮಾವನ ಮನೆಯ ಅಂಗಳದಲ್ಲಿ ನಿಲ್ಲಿಸಿ, ಮೇಲೆ ಹಳೆಯ ಚಾದರ ಹೊದಿಸಿ, ನಾಲ್ಕು ತುದಿಗೂ ಸುತಳಿ ಕಟ್ಟಿ ಹೋಗಿದ್ದ. ಅವನಿಗೆ ಲೈನ್‌ಮನ್ ಕೆಲಸ ಸಿಕ್ಕಿತ್ತು. ಆರು ವಾರದ ತರಬೇತಿ. ಹೆಂಡತಿ ಸಾನಿಯಾ ಚೊಚ್ಚಲ ಹೆರಿಗೆಗೆಂದು ಆಗಲೇ ಬಬಲೇಶ್ವರದಿಂದ ತವರಿಗೆ ಬಂದಿದ್ದಳು. ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ಆ ಮನೆಯಿಂದ ರೈಲು ನಿಲ್ದಾಣವೂ ಹತ್ತಿರ. ಕೀಲಿಯನ್ನು ಅವಳ ಕೈಗೆ ಕೊಟ್ಟು, "ದವಾಖಾನಿಗಿ ಹೋಗೂದಿತ್ತಂದ್ರ ಯುನುಸ ಕರ್ಕೊಂಡು ಹೋಗ್ಲಿ. ಬ್ಯಾರೆ ಯಾತಕ್ಕೂ ಬ್ಯಾಡ," ಎಂದು ಹೇಳಿ ಚೀಲ ಹೆಗಲಿಗೇರಿಸಿದ್ದ.

ಮಾವ ದಾದಾಸಾಬ ಆ ಗಾಡಿಯ ಗೊಡವೆಗೆ ಹೋಗಲಿಲ್ಲ. ಅವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಅವನದು ಕಲಾಯಿ ಕೆಲಸ. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ಒಳಮೈಗೆ ತವರ ಸವರಿ ಬೆಳ್ಳಿಯ ಹಾಗೆ ಹೊಳೆಯಿಸುವುದು. ನಲವತ್ತು ವರ್ಷದಿಂದ ಅದನ್ನೇ ಮಾಡಿದವನು. ಈಗ ಮನೆಮನೆಯಲ್ಲೂ ಸ್ಟೀಲು ಬಂದು, ಮದುವೆ ಅಡುಗೆಯವರ ದೊಡ್ಡ ಹಂಡೆಗಳಷ್ಟೇ ಉಳಿದಿದ್ದವು. ಆ ಬೇಸಿಗೆಯಲ್ಲಿ ಲಗ್ನಗಳು ಜೋರಾಗಿದ್ದು, ಬೆಳಕು ಹರಿಯುವ ಮುಂಚೆ ಹೊರಟರೆ ಹೊತ್ತು ಮುಳುಗಿದ ಮೇಲೆಯೇ ಮನೆಗೆ ಬರುತ್ತಿದ್ದ.

ಮೂರನೆಯ ವಾರ, ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಬೇಗನೆ ಮನೆಗೆ ಬಂದಾಗ ಗಾಡಿಯ ಕಡೆಗೆ ಕಣ್ಣು ಹೋಯಿತು. ಚಾದರದ ಅಂಚಿಗೆ ಅಂಗೈ ಅಗಲದ ಕರಿ ಕಲೆ. ದಾದಾಸಾಬ ಸುತಳಿ ಬಿಚ್ಚಿ ಚಾದರ ಎತ್ತಿದ. ಅಲ್ಲೇ ನಿಂತುಬಿಟ್ಟ.

ಕೆಂಪು ಗಾಡಿ ಮೊಣಕಾಲಿನಿಂದ ಕೆಳಗೆ ಕಪ್ಪಾಗಿತ್ತು. ಚಕ್ರದ ಮೇಲಿನ ತಗಡಿಗೆ, ಸೈಲೆನ್ಸರಿಗೆ, ಪೆಟ್ರೋಲ್ ಟಾಕಿಯ ಪಕ್ಕೆಗೆ ಡಾಂಬರಿನ ಹನಿಗಳು ಸಾಸಿವೆ ಕಾಳಿನಿಂದ ಹಿಡಿದು ಕಡಲೆ ಕಾಳಿನ ಗಾತ್ರದವರೆಗೆ ಮೆತ್ತಿಕೊಂಡಿದ್ದವು. ಅದರ ಮೇಲೆ ಎರೆಮಣ್ಣಿನ ಧೂಳು ಕೂತು, ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದು ನೋಡಿದ. ಉಗುರು ಸವೆಯಿತೇ ಹೊರತು ಡಾಂಬರು ಕದಲಲಿಲ್ಲ.

ಸಂಜೆ ಮಗ ಯುನುಸ ಬಂದ. ಇಪ್ಪತ್ತೆರಡರ ಹುಡುಗ, ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸಿ ಡಬ್ಬಿ ತುಂಬುವ ಶೆಡ್ಡಿನಲ್ಲಿ ಕೆಲಸ. ತಾಯಿ ಇಮಾಮಬಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ದಾದಾಸಾಬ ತಾಟಿಗೆ ಕೈಯನ್ನೇ ಹಚ್ಚಲಿಲ್ಲ.

"ಎಷ್ಟ ದಿನದಿಂದ ಒಯ್ಯಾಕತ್ತಿ ಗಾಡಿ?"

ಯುನುಸ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹನ್ನೊಂದ ದಿನಾ ಆತು ಅಬ್ಬಾ. ಪೆಟ್ರೋಲ ತೀರಿತಂತ ಇವತ್ತಷ್ಟs ಬಿಟ್ಟ ಹೋಗಿದ್ದೆ."

"ಯಾರನ್ನ ಕೇಳಿ?"

"ಕೀಲಿ ನಾನ ಕೊಟ್ಟೀನಿ," ಎಂದಳು ಸಾನಿಯಾ. "ಮುಂಜಾನಿ ಬಸ್ಸು ತುಂಬಿ ಬರ್ತೈತಿ, ನಿಲ್ಲಸೂದs ಇಲ್ಲ. ಎರಡ ಸಲ ತಡಾ ಮಾಡಿದಿ ಅಂತ ಶೆಡ್ಡಿನವ್ರು ಇವನ್ನ ಹೊರಗ ನಿಲ್ಲಿಸ್ಯಾರ. ಮೂರನೇದಕ್ಕ ಬರಬ್ಯಾಡ ಅಂದಿದ್ರು."

"ನಿನಗೂ ಗೊತ್ತಿತ್ತೇನ?" ದಾದಾಸಾಬ ಹೆಂಡತಿಯ ಕಡೆಗೆ ತಿರುಗಿದ.

"ನಾ ಏನ ಕುರುಡೀನ್ರಿ? ಅಂಗಳದಾಗಿನ ಗಾಡಿ ದಿನಾ ಹೋಗಿ ಬರೂದು ಕಾಣೂದಿಲ್ಲೇನು? ಉಣ್ರಿ ಮದಲ. ರೊಟ್ಟಿ ಆರಿ ಹೊಂಟೈತಿ."

"ಮೂರೂ ಮಂದಿ ಕೂಡಿ ನನ್ನ ಕಣ್ಣಿಗಿ ಮಣ್ಣ ಹಾಕೀರಿ!"

"ದಾರ್ಯಾಗ ಒಂದ ಕಡೆ ಹೊಸಾ ಡಾಂಬರ ಹಾಕಾಕತ್ತಾರ ಅಬ್ಬಾ," ಯುನುಸ ತಲೆ ಎತ್ತದೆ ಹೇಳಿದ. "ಹಸೀದಿತ್ತು, ನಂಗ ಗೊತ್ತಾಗಲಿಲ್ಲ. ತೊಳದ್ರ ಹೋಗ್ತೈತಿ ಅಂತ ತಿಳಿದಿದ್ದೆ."

"ಹೋತೇನು?"

"ಇಲ್ಲ."

ದಾದಾಸಾಬನ ಕೋಪದ ಅಡಿಯಲ್ಲಿ ಭಯವಿತ್ತು. ಅಳಿಯ ಒಳ್ಳೆಯವನೇ. ಆದರೆ ಅವನ ತಾಯಿ ಪೀರಾಂಬಿಯ ನಾಲಿಗೆ ಕತ್ತರಿಯಿದ್ದ ಹಾಗೆ. ಮದುವೆಯಲ್ಲಿ ಕೊಟ್ಟ ಕಪಾಟಿನ ಬಾಗಿಲು ಕಿರುಗುಟ್ಟುತ್ತದೆ ಎಂದು ನಾಲ್ಕು ಮಂದಿಯ ನಡುವೆ ಅಂದವಳು. ಆ ಮಾತನ್ನು ಸಾನಿಯಾ ಒಂದು ವರ್ಷ ಕೇಳಿಸಿಕೊಂಡಿದ್ದಳು. ಈಗ ಮಗನ ಹೊಸ ಗಾಡಿ ಈ ಸ್ಥಿತಿಯಲ್ಲಿ ಹೋಗಿ ಅವಳ ಬಾಗಿಲಲ್ಲಿ ನಿಂತರೆ, ಮಾತು ಯಾರ ಮೈಮೇಲೆ ಬೀಳುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಾಳಿಂದ ಗಾಡಿ ಮುಟ್ಟಬ್ಯಾಡ," ಎಂದ ದಾದಾಸಾಬ. "ಅವ್ರು ಬರೂದ್ರೊಳಗ ಹೆಂಗಿತ್ತೋ ಹಂಗ ಆಗಬೇಕು."

ಮರುದಿನದಿಂದ ಯುನುಸ ಒಂದು ತಾಸು ಮೊದಲೇ ಎದ್ದು, ಕೂಲಿಯವರ ಟೆಂಪೊದಲ್ಲಿ ನಿಂತುಕೊಂಡು ತಿಕೋಟಾಕ್ಕೆ ಹೋಗತೊಡಗಿದ. ಸಂಜೆ ಬಂದವನು ಚಹಾ ಕುಡಿದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಮೊದಲ ದಿನ ಬಟ್ಟೆ ಸಾಬೂನು, ಎರಡನೆಯ ದಿನ ಬಿಸಿನೀರು ಮತ್ತು ಸೋಡಾಪುಡಿ. ಧೂಳು ಹೋಯಿತು, ಡಾಂಬರು ಮಾತ್ರ ಇನ್ನಷ್ಟು ಹೊಳೆಯಿತು.

"ನಳದ ನೀರು ನಾಕ ದಿನಕ್ಕೊಮ್ಮೆ ಬರ್ತಾವು," ಇಮಾಮಬಿ ಒಳಗಿನಿಂದಲೇ ಕೂಗಿದಳು. "ನಾಕ ಕೊಡಾ ಆ ಗಾಡಿಗೇ ಹೋದ್ರ ನಾಳೆ ಬ್ಯಾಳಿ ಯಾವದ್ರಾಗ ಕುದಸ್ಲಿ?"

"ಇದs ಕಡೀ ಕೊಡಾ ಅಮ್ಮಾ."

"ನಿನ್ನೇನೂ ಹಂಗs ಅಂದಿದ್ದಿ."

ಮೂರನೆಯ ದಿನ ಅಟ್ಟದ ಮೇಲಿದ್ದ ಬಾಟಲಿಯ ಸೀಮೆಎಣ್ಣೆಯನ್ನು ಅರಿವೆಗೆ ಹಾಕಿ ತಿಕ್ಕಿದ. ಸೈಲೆನ್ಸರಿನ ಬಳಿ ಸ್ವಲ್ಪ ಮೆತ್ತಗಾದಂತೆ ಕಂಡಿತು. ಅಷ್ಟರಲ್ಲಿ ವಾಸನೆ ಒಳಗೆ ಹೋಗಿ ಸಾನಿಯಾ ಬಚ್ಚಲಿಗೆ ಓಡಿದಳು. ಇಮಾಮಬಿ ಬಾಟಲಿ ಕಸಿದುಕೊಂಡು, "ಗಾಡಿ ಸ್ವಚ್ಛ ಆಗೂದ್ರಾಗ ನನ್ನ ಮಗಳ ಕರಳ ಹೊರಗ ಬರ್ತಾವು," ಎಂದು ಅದನ್ನು ಪಕ್ಕದ ಮನೆಯ ಆಶಾಬಿಗೆ ಕೊಟ್ಟೇಬಿಟ್ಟಳು. ಅಲ್ಲಿಗೆ ಆ ಉಪಾಯವೂ ಮುಗಿಯಿತು.

ಮಗ ಹೀಗೆ ಸೋಲುವುದನ್ನು ದಾದಾಸಾಬ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ಈಗಿನ ಹುಡುಗೂರಿಗಿ ತಿಕ್ಕೂದ ಗೊತ್ತಿಲ್ಲ. ರಟ್ಟಿ ಹಾಕಬೇಕಲೇ, ರಟ್ಟಿ!" ಎನ್ನುತ್ತಿದ್ದ.

ಐದನೆಯ ವಾರ ಇಮಾಮಬಿ ಮಗಳನ್ನು ಕರೆದುಕೊಂಡು ತಪಾಸಣೆಗೆಂದು ಆಟೋದಲ್ಲಿ ದವಾಖಾನೆಗೆ ಹೋದಳು. ಅವತ್ತು ದಾದಾಸಾಬನಿಗೆ ಕೆಲಸವಿರಲಿಲ್ಲ. ಖಾಲಿ ಮನೆಯಲ್ಲಿ ಅವನೂ ಗಾಡಿಯೂ ಇಬ್ಬರೇ. ಮಸಿ ಹಿಡಿದ ಹಂಡೆಗಳನ್ನು ಕನ್ನಡಿ ಮಾಡಿದ ಕೈ ತನ್ನದು, ಇದೆಂಥಾ ದೊಡ್ಡ ಮಾತು ಎನ್ನಿಸಿತು. ಒಲೆಯಿಂದ ಒಂದು ಬೊಗಸೆ ಬೂದಿ ತಂದ. ಇಟ್ಟಿಗೆ ಪುಡಿಯನ್ನು ಜರಡಿ ಹಿಡಿದ. ನೆನೆಸಿದ ಹುಣಸೆಹಣ್ಣು ತೆಗೆದುಕೊಂಡ. ತೆಂಗಿನ ನಾರಿನ ಉಂಡೆ ಕಟ್ಟಿ ಟಾಕಿಯಿಂದಲೇ ಸುರು ಮಾಡಿದ. ಭುಜದಿಂದ ಬಲ ತಂದು, ಸುತ್ತು ಸುತ್ತಾಗಿ, ಹಂಡೆ ತಿಕ್ಕುವ ಹಾಗೆಯೇ ತಿಕ್ಕಿದ. ಡಾಂಬರು ಕಿತ್ತು ಬಂತು! ದಾದಾಸಾಬ ಬೆವರು ಒರೆಸಿಕೊಂಡು ನಕ್ಕ. ಎರಡೂ ಪಕ್ಕೆ ತಿಕ್ಕಿ, ಒಂದು ಚೊಂಬು ನೀರು ಹೊಯ್ದ. ಒದ್ದೆ ಟಾಕಿ ಹಣ್ಣಿನ ಹಾಗೆ ಕೆಂಪಗೆ ಹೊಳೆಯಿತು.

ಆಮೇಲೆ ನೀರು ಆರಿತು.

ಹೊಳಪು ನೀರಿನ ಜೊತೆಗೇ ಹೋಯಿತು. ಟಾಕಿಯ ತುಂಬ ಸುತ್ತು ಸುತ್ತಾದ ಗೀರುಗಳು ಬೆಳ್ಳಗೆ ಎದ್ದು ಕಾಣತೊಡಗಿದವು. ಬಣ್ಣ ಮಬ್ಬಾಗಿ, ಕಂಪನಿಯ ಹೆಸರಿನ ಎರಡು ಅಕ್ಷರ ಹರಿದುಹೋಗಿದ್ದವು. ದಾದಾಸಾಬ ಅರಿವೆಯಿಂದ ಒರೆಸಿದ, ಮತ್ತೆ ನೀರು ಹಾಕಿದ, ಮತ್ತೆ ಒರೆಸಿದ. ತಾಮ್ರ ತಿಕ್ಕಿದಷ್ಟೂ ಹೊಳೆಯುತ್ತದೆ. ಇದು ಬಣ್ಣ. ಆಟೋದ ಸದ್ದು ಕೇಳಿದಾಗ ಅವನು ಬೂದಿಯನ್ನೆಲ್ಲ ಗುಡಿಸಿ, ಚಾದರ ಎಳೆದು, ಸುತಳಿ ಬಿಗಿದ.

ಸಂಜೆ ಇಮಾಮಬಿ ಚಾದರ ಎತ್ತಿ ನೋಡಿದಳು. ಊಟಕ್ಕೆ ಕೂತಾಗ ಮಗನ ಮೇಲೆ ಹರಿಹಾಯ್ದಳು.

"ಏನ ಮಾಡೀಯೋ ಟಾಕಿಗಿ? ಸೀಮೆಎಣ್ಣಿ ಬ್ಯಾಡ ಬ್ಯಾಡ ಅಂದೆ. ಬಣ್ಣಾನ ತಿಂದಬಿಟ್ಟೈತಿ ನೋಡು! ನಿನ್ನ ಅಕ್ಕಗ ಅಲ್ಲಿ ಬಾಳೇ ಮಾಡಬೇಕಂತ ನೆನಪೈತೇನು ನಿನಗ?"

ಯುನುಸ ಏನೂ ತಿಳಿಯದೆ ತಾಯಿಯ ಮುಖ ನೋಡಿದ. ಆಮೇಲೆ ತಂದೆಯ ಮುಖ ನೋಡಿದ. ದಾದಾಸಾಬನ ಉಗುರುಗಳ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಇತ್ತು. ಯುನುಸ ತಾಟಿನ ಕಡೆಗೆ ಬಗ್ಗಿದ. ಒಂದು ಮಾತೂ ಆಡಲಿಲ್ಲ. ದಾದಾಸಾಬನೂ ಆಡಲಿಲ್ಲ. ರೊಟ್ಟಿಯನ್ನು ಬೇಳೆ ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.

ಬೆಳಗ್ಗೆ ಯುನುಸ ಟೆಂಪೊ ಹಿಡಿಯಲು ಹೋಗಿಯಾಗಿತ್ತು. ಇಮಾಮಬಿ ಚಹಾ ತಂದಿಟ್ಟಳು. ದಾದಾಸಾಬ ಬಸಿ ಎತ್ತಿದವನು ಹಾಗೆಯೇ ಕೆಳಗಿಟ್ಟ.

"ಟಾಕಿ ಅವ ಕೆಡಿಸಿಲ್ಲ. ನಾ ಕೆಡಿಸೀನಿ. ಬೂದಿ ಹಚ್ಚಿ ತಿಕ್ಕಿದೆ."

ಇಮಾಮಬಿ ಅವನನ್ನೇ ನೋಡಿದಳು. "ನಿನ್ನಿ ರಾತ್ರಿ ಬಾಯಾಗ ಏನ ಇಟ್ಕೊಂಡಿದ್ರಿ?"

"ರೊಟ್ಟಿ," ಎಂದ ದಾದಾಸಾಬ.

ಸಾನಿಯಾ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೋ ನಗುತ್ತಾಳೋ ಅವನಿಗೆ ತಿಳಿಯಲಿಲ್ಲ. ಅವಳು ಎರಡನ್ನೂ ಮಾಡುತ್ತಿದ್ದಳು. "ನಮ್ಮ ಅತ್ತಿ ಮುಂದ ಏನ ಹೇಳೂದು ಅಬ್ಬಾ? ನಿನ್ನೇನs ಫೋನ ಮಾಡಿ, ಗಾಡಿ ನೆಳ್ಳಾಗ ಐತಿಲ್ಲೋ ಅಂತ ಕೇಳ್ಯಾರ."

ಅವತ್ತೇ ದಾದಾಸಾಬ ಸೊಲ್ಲಾಪುರ ರಸ್ತೆಯಲ್ಲಿದ್ದ ಗಾಡಿಗಳಿಗೆ ಬಣ್ಣ ಹೊಡೆಯುವ ಅಂಬಾದಾಸನ ಅಂಗಡಿಗೆ ಹೋದ. ಅಂಬಾದಾಸ ಕೆಲಸ ನಿಲ್ಲಿಸದೆಯೇ ಎಲ್ಲವನ್ನೂ ಕೇಳಿಸಿಕೊಂಡ.

"ಡಾಂಬರಕ್ಕ ಯಾರಾರ ಬೂದಿ ಹಚ್ಚತಾರೇನ್ರಿ ಚಾಚಾ? ಎಣ್ಣಿ ಹಚ್ಚಬೇಕು. ಮನ್ಯಾಗ ಉಣ್ಣೂ ಎಣ್ಣಿ ಇರ್ತೈತಲ್ರಿ, ಅದ. ಅರಿವಿ ತೋಯ್ಸಿ ಕಾಲ ತಾಸ ಮ್ಯಾಲ ಇಟ್ಟಬಿಡ್ರಿ. ತಾನs ಕರಗಿ ಬರ್ತೈತಿ. ಆಮ್ಯಾಲ ಸಾಬೂನ ಹಚ್ಚಿ ತೊಳಿರಿ, ಅಷ್ಟs."

"ಟಾಕಿ?"

"ಟಾಕಿ ಮಾತ್ರ ಪೂರಾ ಬಣ್ಣಾ ಹೊಡೀಬೇಕು. ಮೂರ ದಿನಾ ಬೇಕು."

"ಯಾರಿಗೂ ಗೊತ್ತಾಗದಂಗ ಆಗ್ತೈತೇನು?"

ಅಂಬಾದಾಸ ಆಗ ತಲೆ ಎತ್ತಿದ. "ಆಗ್ತೈತ್ರಿ. ಆದ್ರ ಗಾಡಿ ನಿಮ್ಮದಲ್ಲ ಅಂತೀರಿ. ಮಾಲಕರನ್ನ ಕೇಳದ ನಾ ಬಣ್ಣಾ ಹೊಡೆಯೂದಿಲ್ಲ. ನಾಳೆ ಅವ್ರು ನನ್ನ ಅಂಗಡಿಗಿ ಬಂದ ನಿಂದರ್ತಾರ."

ದಾರಿಯುದ್ದಕ್ಕೂ ದಾದಾಸಾಬ ಆ ಮನುಷ್ಯನನ್ನು ಬೈದುಕೊಂಡೇ ಬಂದ. ಮನೆಯ ತಿರುವಿಗೆ ಬರುವಷ್ಟರಲ್ಲಿ ಬೈಗುಳ ಮುಗಿದಿತ್ತು. ಅವನು ಹೇಳಿದ್ದು ಸರಿ.

ಭಾನುವಾರ ಮುಂಜಾನೆ ಮನೆಮಂದಿಯೆಲ್ಲ ಗಾಡಿಯ ಸುತ್ತ ಕೂತರು. ಇಮಾಮಬಿ ಗೊಣಗುತ್ತಲೇ ಕುಸುಬಿ ಎಣ್ಣೆಯ ಡಬ್ಬಿ ತಂದಳು. ಸಾನಿಯಾ ಮಣೆಯ ಮೇಲೆ ಕೂತು ಹಳೆಯ ದುಪಟ್ಟಾ ಹರಿದು ಪಟ್ಟಿ ಮಾಡಿ ಕೊಟ್ಟಳು. ಎಣ್ಣೆಯಲ್ಲಿ ಅದ್ದಿದ ಪಟ್ಟಿಗಳನ್ನು ಯುನುಸ ತಗಡಿಗೂ ಸೈಲೆನ್ಸರಿಗೂ ಹಚ್ಚಿದ. ಗಾಡಿ, ಜ್ವರ ಬಂದವರಿಗೆ ಒದ್ದೆ ಅರಿವೆ ಹಾಕಿದ ಹಾಗೆ ಕಂಡಿತು. ಕಾಲು ತಾಸು ಬಿಟ್ಟು ದಾದಾಸಾಬ ಒಂದು ಪಟ್ಟಿ ಎಳೆದ. ಬಲ ಹಾಕಲೇ ಇಲ್ಲ. ಕರಿ ಡಾಂಬರು ಬೆಲ್ಲದ ಪಾಕದಂತೆ ಕರಗಿ ಅರಿವೆಗೆ ಬಂತು, ಕೆಳಗೆ ಕೆಂಪು ಬಣ್ಣ ಇದ್ದ ಹಾಗೆಯೇ ಇತ್ತು.

"ಯಾ ಅಲ್ಲಾ!" ಎಂದಳು ಇಮಾಮಬಿ. "ಒಗ್ಗರಣಿ ಎಣ್ಣಿ! ಇಷ್ಟ ದಿನಾ ನನ್ನ ಅಡಿಗಿ ಮನ್ಯಾಗ ಇತ್ತಲ್ರಿ ಇದು."

"ಮೆಲ್ಲಕ ಒರಸ್ರಿ ಅಬ್ಬಾ, ರಟ್ಟಿ ಹಾಕಬ್ಯಾಡ್ರಿ," ಎಂದ ಯುನುಸ, ಮುಖವನ್ನು ಆ ಕಡೆ ತಿರುಗಿಸಿ. ಸಾನಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ದಾದಾಸಾಬ ಮೆಲ್ಲಗೇ ಒರೆಸಿದ. ಮಧ್ಯಾಹ್ನದ ಹೊತ್ತಿಗೆ ಗಾಡಿಯ ಮೈಮೇಲೆ ಡಾಂಬರಿನ ಒಂದು ಹನಿಯೂ ಉಳಿಯಲಿಲ್ಲ. ಟಾಕಿ ಮಾತ್ರ ಮುಖಕ್ಕೆ ಬೂದಿ ಬಳಿದುಕೊಂಡಂತೆ ನಿಂತಿತ್ತು.

ಆ ವಾರದ ಕೊನೆಗೆ ಅಲ್ಲಾಬಕ್ಷನ ಫೋನು ಬಂತು. ಗೆಳೆಯರ ಕಾರಿನಲ್ಲಿ ನೇರವಾಗಿ ಬಬಲೇಶ್ವರಕ್ಕೇ ಬಂದಿದ್ದೇನೆ, ಸೋಮವಾರ ಬಂದು ಗಾಡಿ ಒಯ್ಯುತ್ತೇನೆ ಎಂದ.

"ನಾ ಫೋನಿನ್ಯಾಗ ಹೇಳಿಬಿಡ್ತೀನಿ ಅಬ್ಬಾ," ಎಂದಳು ಸಾನಿಯಾ.

"ಬ್ಯಾಡವ್ವಾ. ನಾ ಮಾಡಿದ್ದು. ನಾನs ಹೋಗಿ ಹೇಳ್ತೀನಿ. ಅವ್ರು ಇಲ್ಲಿಗಿ ಬರೂದ್ರೊಳಗ ಗಾಡಿ ಅವ್ರ ಬಾಗಲದಾಗ ಇರಬೇಕು."

ಮರುದಿನ ಬೆಳಗ್ಗೆ ಯುನುಸ ಗಾಡಿ ಹೊಡೆದ, ದಾದಾಸಾಬ ಹಿಂದೆ ಕೂತ. ಬಬಲೇಶ್ವರ ಮುಟ್ಟುವವರೆಗೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಲೇ ಇದ್ದ. ಪೀರಾಂಬಿ ಬಾಗಿಲ ಮುಂದೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೇಳದೆ ಕೇಳದೆ ಬಂದ ಬೀಗರನ್ನೂ, ಅವರ ಮುಖವನ್ನೂ ಕಂಡು ಮೊರ ಬಿಟ್ಟು ಎದ್ದು ನಿಂತಳು. ಒಳಗಿನಿಂದ ಅಲ್ಲಾಬಕ್ಷ ಬನಿಯನ್ನಿನಲ್ಲೇ ಹೊರಬಂದ.

ದಾದಾಸಾಬನಿಗೆ ಜೋಡಿಸಿಟ್ಟ ಮಾತೆಲ್ಲ ಕಲಸಿಹೋಯಿತು. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಅಕ್ಕಾರ, ಹೇಳಾಕ ಬಾಯಿ ಬರವಲ್ದು. ನಿಮ್ಮದು ನಮ್ಮ ಮನ್ಯಾಗ ಇತ್ತು. ನಂಬಿ ಬಿಟ್ಟ ಹೋಗಿದ್ರಿ. ನಮ್ಮ ಕೈಲಿಂದ ಉಳಿಸ್ಕೊಳ್ಳಾಕ ಆಗಲಿಲ್ರಿ. ತಪ್ಪು ನಂದ."

ಪೀರಾಂಬಿಯ ಬಾಯಿಂದ ಸದ್ದು ಹೊರಡಲಿಲ್ಲ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅಲ್ಲಾಬಕ್ಷ ನಿಂತಲ್ಲಿಯೇ ಕುಸಿದು ಮೆಟ್ಟಿಲ ಮೇಲೆ ಕೂತ. "ಸಾನಿಯಾ..." ಎಂದ. "ಯಾವಾಗ ಮಾಮಾ? ಕೂಸು?"

ದಾದಾಸಾಬ ಬೆಪ್ಪಾಗಿ ನಿಂತ. ಮೊದಲು ಅರ್ಥವಾದದ್ದು ಯುನುಸನಿಗೆ. ಗಾಡಿಯನ್ನು ಬಿಟ್ಟು ಓಡಿಬಂದ.

"ದುಲಾಭಾಯಿ, ಆಪಾ ಆರಾಮ ಅದಾಳ! ಏನೂ ಆಗಿಲ್ಲ! ಮುಂಜಾನಿ ನಾಕ ಇಡ್ಲಿ ತಿಂದಾಳ! ಗಾಡಿ... ಗಾಡಿ ಟಾಕಿ ಕೆಟ್ಟೈತಿ, ಅಷ್ಟs!"

"ಟಾಕಿ?"

"ಬಣ್ಣಾ ಹೋಗೈತ್ರಿ," ಎಂದ ದಾದಾಸಾಬ. "ಬೂದಿ ಹಚ್ಚಿ ತಿಕ್ಕಿದೆ."

ಅಲ್ಲಾಬಕ್ಷ ನಂಬಲಿಲ್ಲ. ಫೋನು ತೆಗೆದು ಸಾನಿಯಾಳಿಗೆ ಹಚ್ಚಿದ. ಎರಡು ಸಲ ಪೂರ್ತಿ ಬಡಿದುಕೊಂಡು ನಿಂತಿತು. ಮೂರನೆಯ ಸಲ ಸಾನಿಯಾಳೇ ಎತ್ತಿದಳು. ತಲೆಗೆ ಎರೆದುಕೊಳ್ಳುತ್ತಿದ್ದೆ, ಯಾಕ್ರಿ, ಅತ್ತಿ ಭಾಳ ಬೈದ್ರೇನು, ಎಂದು ಕೇಳಿದಳು. ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. ಅಲ್ಲಾಬಕ್ಷ ಫೋನನ್ನು ಎದೆಗೆ ಒತ್ತಿಕೊಂಡು ನಗತೊಡಗಿದ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ.

ಪೀರಾಂಬಿಗೆ ಆಗ ದನಿ ಬಂತು.

"ಗಾಡಿ ಬಣ್ಣಾ ಹೋದ್ರ ಸುಡ್ಲಿ ಆ ಬಣ್ಣಾ! ಹಿಂಗ ಬಂದ ಹೇಳತಾರೇನ್ರಿ ಬೀಗರ? ಟೊಪಗಿ ತಗದ! ನನ್ನ ಎದಿ ನಿಂತಿತ್ತು. ಹತ್ತ ವರ್ಷ ನನ್ನ ಆಯುಷ್ಯಾ ತಿಂದ್ರಿ ನೀವು!"

"ತಪ್ಪಾತ್ರಿ ಅಕ್ಕಾರ."

"ಇನ್ನೊಮ್ಮೆ ತಪ್ಪಾತು ಅನಬ್ಯಾಡ್ರಿ! ಮತ್ತ ಹೆದರಿಕಿ ಬರ್ತೈತಿ. ಒಳಗ ಬರ್ರಿ, ನೀರ ಕುಡಿರಿ."

ಇಷ್ಟು ದಿನ ಹೆದರಿ ಕಾದಿದ್ದ ಬೈಗುಳ ತಲೆಯ ಮೇಲೆ ಸುರಿಯುತ್ತಿದ್ದರೆ, ದಾದಾಸಾಬನಿಗೆ ಬಿಸಿಲಿನಲ್ಲಿ ಯಾರೋ ತಣ್ಣೀರು ಹೊಯ್ದಂತಾಯಿತು. ಮೈ ಹಗುರಾಗಿ ಕಟ್ಟೆಯ ಮೇಲೆ ಕೂತ.

ಅಲ್ಲಾಬಕ್ಷ ಎದ್ದು ಗಾಡಿಯ ಸುತ್ತ ಬಂದ. ಟಾಕಿಯ ಮೇಲೆ ಕೈ ಆಡಿಸಿದಾಗ ಅವನ ಮುಖ ಬಾಡಿದ್ದು ಸುಳ್ಳಲ್ಲ. "ಹೊಸಾದಿತ್ತು ಮಾಮಾ," ಎಂದ ಮೆಲ್ಲಗೆ.

"ಹೌದ್ರಿ. ಸೊಲ್ಲಾಪುರ ರಸ್ತೆದಾಗ ಮಾತಾಡೀನಿ. ನೀವು ಹೂಂ ಅಂದ್ರ ಬಣ್ಣಾ ನಾ ಹೊಡಸಿಕೊಡ್ತೀನಿ."

"ಹೂಂ, ಹೊಡಸೋಣು." ತಾನು ಹನ್ನೊಂದು ದಿನ ಗಾಡಿ ಒಯ್ದದ್ದನ್ನೂ ಡಾಂಬರು ಹತ್ತಿದ್ದನ್ನೂ ಯುನುಸ ಹೇಳಿದ. ಅಲ್ಲಾಬಕ್ಷ ಅವನ ಕಡೆ ತಿರುಗಿದ. "ನೀನು ಒಂದ ಮಾತ ಕೇಳಿದ್ರ ನಾ ಇಲ್ಲ ಅಂತಿದ್ದೆನೇನೋ?"

ಯುನುಸ ನೆಲ ನೋಡಿದ. "ಕೇಳಬೇಕಿತ್ತು ದುಲಾಭಾಯಿ."

ನೀರು ಕುಡಿದು, ಅವಲಕ್ಕಿ ತಿಂದು, ಚಹಾ ಮುಗಿಯುವುದರೊಳಗೆ ಪೀರಾಂಬಿ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು. ಕೈಯಲ್ಲಿ ಒಂದು ಡಬ್ಬಿ.

"ಎಲ್ಲಿಗಿ ಅಮ್ಮಾ?" ಎಂದ ಅಲ್ಲಾಬಕ್ಷ.

"ಸೊಸಿನ್ನ ಕಣ್ಣಿಲೆ ನೋಡುಮಟಾ ನನ್ನ ಜೀವಕ್ಕ ಸಮಾಧಾನಿಲ್ಲ. ಅಂಗಿ ಹಾಕ್ಕೋ, ಗಾಡಿ ತಗಿ. ಬೀಗರು ಬಸ್ಸಿಗಿ ಬರ್ಲಿ. ನನ್ನ ಹೆದರಿಸಿದ್ದಕ್ಕ ಅಷ್ಟರ ಆಗ್ಲಿ."

ತಾಯಿ ಮಗ ಆ ಮಬ್ಬು ಟಾಕಿಯ ಗಾಡಿಯ ಮೇಲೆ ಧೂಳೆಬ್ಬಿಸುತ್ತ ಹೋದರು. ತಂದೆ ಮಗ ನಡೆದು ಬಂದು ವಿಜಯಪುರದ ಬಸ್ಸು ಹತ್ತಿದರು. ಯುನುಸ ಕಿಟಕಿಯ ಸೀಟನ್ನು ತಂದೆಗೆ ಬಿಟ್ಟ. ಬಸ್ಸು ಊರು ದಾಟಿತು.

"ಅವತ್ತ ನಿಮ್ಮಮ್ಮ ಬೈದಾಗ ನೀ ಯಾಕ ಸುಮ್ಮನಿದ್ದಿ?" ದಾದಾಸಾಬ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದ.

"ನೀವು ಹೇಳ್ತೀರಿ ಅಂತ ಗೊತ್ತಿತ್ತು."

"ಹೇಳದಿದ್ರ?"

"ಬೈಸ್ಕೋತಿದ್ದೆ ಬಿಡ್ರಿ. ಗಾಡಿ ಒಯ್ದಾಂವ ನಾನs ಅಲ್ಲೇನು?"

ದಾದಾಸಾಬ ಮಗನ ತೊಡೆಯ ಮೇಲೆ ಕೈಯಿಟ್ಟ. ಕೈಯನ್ನು ಅಲ್ಲಿಯೇ ಬಿಟ್ಟ. "ಒಂದ ರಾತ್ರಿ ತಡಾ ಮಾಡಿದೆ," ಎಂದ. "ಹಂಗ ಮಾಡಬಾರದಿತ್ತು."

ವಿಜಯಪುರ ಹತ್ತಿರವಾದಾಗ ಇಮಾಮಬಿಯ ಫೋನು ಬಂತು. ಹಿಂದೆ ಪಾತ್ರೆಗಳ ಸದ್ದು, ಪೀರಾಂಬಿಯ ಗಟ್ಟಿ ದನಿ, ಸಾನಿಯಾಳ ನಗು.

"ಎಲ್ಲಿ ಅದೀರಿ? ಬೀಗತಿ ಬಂದು ಮಗಳ ಮಗ್ಗಲದಾಗ ಕುಂತಾರ, ಏಳವಲ್ರು. ಊಟ ಇಲ್ಲೇ ಆಗ್ಲಿ ಅಂದೀನಿ. ಬರ್ತಾ ಒಂದ ಕಿಲೋ ಮಸರ ತರ್ರಿ."

"ಗಾಡಿ ಬಗ್ಗೆ ಮತ್ತೇನರ ಅಂದ್ರೇನು?"

"ಗಾಡಿ ಯಾರ ಕೇಳ್ಯಾರ? ಹೊರಗ ಬಿಸಲಾಗ ನಿಂತೈತಿ. ಮಸರ ಮರೀಬ್ಯಾಡ್ರಿ."

ದಾದಾಸಾಬ ಫೋನನ್ನು ಮಗನ ಕೈಗೆ ಕೊಟ್ಟು, "ನೀ ನೆನಪ ಇಟ್ಕೋ," ಎಂದು ಹೇಳಿ, ಕಿಟಕಿಯ ಸರಳಿಗೆ ತಲೆ ಆನಿಸಿ, ಬಸ್ಸು ನಿಲ್ದಾಣ ಬರುವವರೆಗೆ ಗಾಢವಾಗಿ ನಿದ್ದೆ ಮಾಡಿದ.